ಆಯಿಲ್ ಹಾಕದ ಟರ್ಬೊ

ಡೀಸೆಲ್ ಕಾರುಗಳ ಟರ್ಬೊ ರಿಪೇರಿಯಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಎಂಜಿನ್ನಿಗೆ ಗಾಳಿ ತುರುಕುವ ಆ ಬಸವನಹುಳುವಿನ ಚಿಪ್ಪಿನಂಥ ಯಂತ್ರವನ್ನು ಬಿಚ್ಚಿ, ಮಸಿ ತೊಳೆದು, ಮತ್ತೆ ಕೂರಿಸುವುದರಲ್ಲೇ ಅವರ ತಲೆ ನೆರೆತಿತ್ತು. ಬಂದವರಿಗೆಲ್ಲ ಉಪದೇಶ ಬೇರೆ: "ಕಪ್ಪು ಹೊಗೆ ಬಂದ್ರೆ ಗಾಳಿ ಪೈಪು ನೋಡಿಸಿ. ನೀಲಿ ಬಂದ್ರೆ ಆಯಿಲ್ ಕುಡೀತಿದೆ ಅಂತ, ಬೇಗ ತನ್ನಿ. ದೂರ ಓಡಿಸಿದ ಮೇಲೆ ತಕ್ಷಣ ಆಫ್ ಮಾಡ್ಬೇಡಿ, ಅದಕ್ಕೂ ಸುಧಾರಿಸ್ಕೊಳ್ಳೋಕೆ ಬಿಡಿ."

"ಇದರಲ್ಲಿ ಕಾಲುಭಾಗ ನಮ್ಮಕ್ಕನ ಹತ್ರ ಮಾತಾಡಿದ್ರೂ ಅವಳು ಖುಷಿಯಾಗಿರ್ತಿದ್ಲು ಭಾವ," ಎಂದು ನಗುತ್ತಿದ್ದ ಶೆಡ್ಡಿನಲ್ಲಿ ಜೊತೆಗಿದ್ದ ಭಾವಮೈದ. ಕೆಲಸ ಕಲಿತದ್ದೆಲ್ಲ ಅವರ ಕೈಕೆಳಗೇ.

ಒಮ್ಮೆ ನರ್ಸಮ್ಮನೊಬ್ಬರ ಕಾರಿಗೆ ಮೇಸ್ತ್ರಿ ಹೊಸ ಟರ್ಬೊ ಕೂರಿಸಿ ಕಳಿಸಿದರು. ಸಂಜೆಯೊಳಗೆ ಕಾರು ಹಗ್ಗ ಕಟ್ಟಿಸಿಕೊಂಡು ವಾಪಸ್ಸು ಬಂತು. ಬಿಚ್ಚಿದರೆ ಒಳಗಿನ ಶಾಫ್ಟು ಸುಟ್ಟು ನೀಲಿಗಟ್ಟಿತ್ತು. ಆಯಿಲಿನ ತೆಳುಪದರದ ಮೇಲೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಶಾಫ್ಟು ಅದು. ಹೊಸದನ್ನು ಕೂರಿಸುವಾಗ ಮೊದಲು ಆಯಿಲ್ ಹನಿಸದೆ ಸ್ಟಾರ್ಟ್ ಮಾಡಿದರೆ ಕಥೆ ಮುಗಿಯಿತು.

"ಮಾಲೇ ಖೋಟಾ!" ಎಂದು ಮೇಸ್ತ್ರಿ ಬಿಡಿಭಾಗದಂಗಡಿಯವನ ಮೇಲೆ ಹರಿಹಾಯ್ದರು. ಭಾವಮೈದ ಇನ್ನೊಂದು ತಂದು ತಾನೇ ಕೂರಿಸಿದ. ಈಚೆಗೆ ಭಾವ ಸ್ಪ್ಯಾನರ್ ಹಿಡಿದು ಯಾವ ಬೋಲ್ಟೆಂದು ತಿಳಿಯದೆ ನಿಂತುಬಿಡುವುದನ್ನು ಅವನು ನೋಡಿದ್ದ. ನೋಡಿಯೂ ನೋಡದವನಂತಿದ್ದ.

ಮುಂದಿನ ಕಾರಿಗೆ ಮೇಸ್ತ್ರಿ ಟರ್ಬೊ ಕೂರಿಸಿ ಕೀಲಿಗೆ ಕೈಹಾಕುವಷ್ಟರಲ್ಲಿ ಅವನು ಆಯಿಲ್ ಡಬ್ಬಿ ಹಿಡಿದು ಅಡ್ಡ ಬಂದ.

"ಹಾಕಿದೀನಲ್ಲೋ."

"ಇನ್ನೊಂದೆರಡು ಹನಿ ಇರ್ಲಿ, ಭಾವ."

ಮೇಸ್ತ್ರಿ ಆಯಿಲ್ ಪೈಪು ಬಿಚ್ಚಿ ತೂತಿನೊಳಗೆ ಬೆರಳು ತೂರಿಸಿದರು. ಬೆರಳಿಗೆ ಆಯಿಲ್ ಅಂಟಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದರು.

"ನರ್ಸಮ್ಮನ ಕಾರೂ ಹೀಗೇನಾ?"

ಭಾವಮೈದ ತಲೆ ತಗ್ಗಿಸಿದ.

"ಪಾಪ, ಅಂಗಡಿಯವನಿಗೆ ಬಾಯಿಗೆ ಬಂದಂಗೆ ಬೈದುಬಿಟ್ಟೆ," ಎಂದರು. ಅಂದೇ ಹೋಗಿ ಅವನ ಕೈಹಿಡಿದು ತಪ್ಪೊಪ್ಪಿಕೊಂಡರು. ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲ.

ಡಾಕ್ಟರು ಇದು ವಾಸಿಯಾಗುವ ಮರೆವಲ್ಲ ಎಂದರು. ಕೆಲವು ತಿಂಗಳು ಮೇಸ್ತ್ರಿ ಶೆಡ್ಡಿಗೆ ಬಂದು ನಟ್ಟುಗಳನ್ನು ಡೀಸೆಲಿನಲ್ಲಿ ತೊಳೆಯುತ್ತ ಕೂರುತ್ತಿದ್ದರು. ಆಮೇಲೆ ದಾರಿ ತಪ್ಪತೊಡಗಿದರು, ಮನೆಯಲ್ಲೇ ಉಳಿದರು. "ಇವತ್ತು ನನ್ನ ಹೆಸರು ಬರಲಿಲ್ಲ ಕಣೋ ಅವರಿಗೆ," ಎಂದು ಅಕ್ಕ ಒಲೆಯ ಮುಂದೆ ನಿಂತು ಹೇಳಿದಳು, ತಿರುಗಿ ನೋಡದೆ.

ಈಗ ಭಾವಮೈದ ಶೆಡ್ಡು ಮುಚ್ಚಿ ನೇರ ಅಕ್ಕನ ಮನೆಗೇ ಹೋಗುತ್ತಾನೆ. ಮೊನ್ನೆ ಮೇಸ್ತ್ರಿ ಅವನನ್ನು ದಿಟ್ಟಿಸಿ, "ತಾವು ಯಾರು?" ಎಂದರು. ತಾವು!

"ಶೆಡ್ಡಿನವನು," ಎಂದ ಅವನು.

ಮೇಸ್ತ್ರಿ ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು. ಅವನು ಪಕ್ಕದಲ್ಲಿ ಕೂತ.