ನಾಲ್ಕು ಬೆರಳು ಉದ್ದದ ತಪ್ಪು

ಬಿಲ್ಲು ಮಾಡುವ ಇವನಿಗೆ ಊರವರು ಇಟ್ಟ ಹೆಸರು ಹಿಡಿಕೆ ಮೇಸ್ತ್ರಿ. ಬಿಲ್ಲಿನ ನಡುವೆ ಕೈಯಲ್ಲಿ ಹಿಡಿಯುವ ಗಟ್ಟಿ ಭಾಗವಿದೆಯಲ್ಲ, ಅದನ್ನು ಇವನಷ್ಟು ನಯವಾಗಿ ಕೆತ್ತುವವರು ಸುತ್ತಮುತ್ತ ಇಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಾನೆ, ಉಳಿದವರು ಹೂಂಗುಟ್ಟುತ್ತಾರೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೆಳಗ್ಗೆ ಕೂತನೆಂದರೆ ಊಟಕ್ಕೆ ಮೂರು ಸಲ ಕರೆಯಬೇಕು. ಸುಖವಾಗಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ.

ಅವನಿಗೆ ಬಾಣ ಬಿಡಲು ಕಲಿಸಿದವಳು ಅಕ್ಕ. ಎಂಟು ತಿಂಗಳ ಹಿಂದೆ ಅವಳ ಬಲಭುಜಕ್ಕೆ ಆಪರೇಷನ್ ಆಯಿತು. ಹತ್ತು ಕೆ.ಜಿ.ಗಿಂತ ಹೆಚ್ಚು ಎಳೆಯಬಾರದು ಎಂದರು ಡಾಕ್ಟರು. ಅವಳ ಹಳೇ ಬಿಲ್ಲಿನ ಎಳೆತ ಸರಿಯಾಗಿ ಹತ್ತು, ಆದರೆ ಅದು ಬಿರುಕು ಬಿಟ್ಟಿತ್ತು. ಸದಾ ಕಾಲೆಳೆಯುತ್ತಿದ್ದ ಅಕ್ಕ ಈಗ ಮಾತೇ ಕಡಿಮೆ ಮಾಡಿದ್ದಳು. ಅವನಿಗೆ ಭಯವಾಗಿದ್ದು ಅದಕ್ಕೇ. ಅವಳು ಮತ್ತೆ ಬಾಣ ಬಿಡಬೇಕು, ಅಷ್ಟೇ.

ಅವಳಿಗಾಗಿ ಮಾಡಿದ ಹೊಸ ಬಿಲ್ಲಿಗೆ ಹಳೆಯದರಷ್ಟೇ ಉದ್ದ, ಅದೇ ಮರ, ಅದೇ ದಪ್ಪ. ಹಿಡಿಕೆಯನ್ನು ಮಾತ್ರ ನಾಲ್ಕು ಬೆರಳು ಉದ್ದ ಮಾಡಿದ, ಬಳ್ಳಿ ಕೆತ್ತಲು ಜಾಗ ಬೇಕಲ್ಲ! ಆರು ದಿನ ಕೂತು ಎಲೆಯ ನರವನ್ನೂ ಬಿಡದೆ ಕೆತ್ತಿದ. ಆಮೇಲೆ ತಡೆಯಲಾರದೆ, ಹೆದೆ ಏರಿಸಿ, ಎಳೆತದ ತೂಕ ನೋಡುವ ಮೊದಲೇ ಅಕ್ಕನ ಕೈಗೆ ಕೊಟ್ಟ.

ಅಕ್ಕ ಎಳೆದಳು. ಹೆದೆ ಅರ್ಧಕ್ಕೆ ಬಂದು ನಿಂತಿತು. ಮೆಲ್ಲಗೆ ಬಿಟ್ಟು ಬೆಂಚಿನ ಮೇಲೆ ಕೂತಳು. "ನನ್ನ ಕಾಲ ಮುಗೀತು ಬಿಡೋ" ಎಂದಳು.

"ಮರ ಒಣಗಿದ್ದು ಜಾಸ್ತಿ ಆಯ್ತೇನೋ" ಎಂದ ತಮ್ಮ.

"ಕುಣಿಯಲಾರದವಳಿಗೆ ನೆಲ ಡೊಂಕು ಅಂದ ಹಾಗಾಯ್ತು ನನ್ನ ಕಥೆ. ತೂಕ ನೋಡು ಮೊದಲು."

ಹೆದೆಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ತಕ್ಕಡಿ ಹನ್ನೆರಡು ಕೆ.ಜಿ. ತೋರಿಸಿತು. ಎರಡೂ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ಬೆರಳಲ್ಲಿ ಅಳೆದಾಗ ಅವನಿಗೆ ತಪ್ಪು ಗೊತ್ತಾಯಿತು. ಹಿಡಿಕೆ ಬಾಗುವುದಿಲ್ಲ, ಬಾಗುವುದು ಅದರ ಆಚೀಚಿನ ರೆಕ್ಕೆಗಳು. ಒಟ್ಟು ಉದ್ದ ಅಷ್ಟೇ ಇದ್ದು ಹಿಡಿಕೆ ನಾಲ್ಕು ಬೆರಳು ಬೆಳೆದರೆ ಒಂದೊಂದು ರೆಕ್ಕೆಯೂ ಎರಡು ಬೆರಳು ಗಿಡ್ಡವಾಗುತ್ತದೆ. ಗಿಡ್ಡ ಕೋಲನ್ನು ಬಗ್ಗಿಸಲು ಹೆಚ್ಚು ಬಲ ಬೇಕೆಂಬುದು ಎಳೆ ಮಕ್ಕಳಿಗೂ ಗೊತ್ತು. ಮೂವತ್ತು ವರ್ಷದಿಂದ ಬಿಲ್ಲು ಮಾಡುತ್ತಿದ್ದ ಮೇಸ್ತ್ರಿ ಬಳ್ಳಿಯ ಮೋಹದಲ್ಲಿ ಅದನ್ನೇ ಮರೆತಿದ್ದ.

"ರೆಕ್ಕೆ ತೆಳ್ಳಗೆ ಮಾಡಬಹುದು" ಎಂದ. "ಆದ್ರೆ ಗಿಡ್ಡ ರೆಕ್ಕೆ ಅಷ್ಟು ಬಗ್ಗಿದ್ರೆ ನಿನ್ನ ಮುಖದ ಹತ್ರಾನೇ ಮುರೀಬಹುದು."

"ಹಾಗಾದ್ರೆ ಗೋಡೆಗೆ ನೇತುಹಾಕು. ಬಳ್ಳಿ ಚೆನ್ನಾಗಿದೆ."

ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಅವನು ಅರ ತೆಗೆದು ಹಿಡಿಕೆಯ ಎರಡೂ ತುದಿಗಳನ್ನು ಉಜ್ಜತೊಡಗಿದ. ಅಲ್ಲಿನ ದಪ್ಪ ಇಳಿದರೆ ರೆಕ್ಕೆ ಕೈಯ ಹತ್ತಿರದಿಂದಲೇ ಬಾಗುತ್ತದೆ. ಒಂದೊಂದೇ ಎಲೆ ಪುಡಿಯಾಗಿ ಅವನ ತೊಡೆಯ ಮೇಲೆ ಬಿತ್ತು.

"ಬೇಡ್ವೋ, ಆರು ದಿನದ ಕೆಲಸ" ಎಂದು ಅಕ್ಕ ಎದ್ದು ಬಂದಳು.

"ಸುಮ್ನೆ ಕೂತ್ಕೊ ಅಕ್ಕ."

ಮಧ್ಯಾಹ್ನದ ಹೊತ್ತಿಗೆ ಬಳ್ಳಿ ಬೋಳಾಯಿತು, ಹಿಡಿಕೆ ಗಿಡ್ಡವಾಯಿತು. ಉಜ್ಜುವುದು, ಹೆದೆ ಏರಿಸುವುದು, ತೂಕ ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ತಕ್ಕಡಿಯ ಮುಳ್ಳು ಹತ್ತಕ್ಕೆ ನಿಂತಿತು.

ಹಿತ್ತಲಲ್ಲಿ ಹುಲ್ಲಿನ ಹೊರೆಯ ಮುಂದೆ ಅಕ್ಕ ನಿಂತಳು. ಹೆದೆ ಅರ್ಧ ದಾಟಿತು, ಗಲ್ಲ ಮುಟ್ಟಿತು. ಬಾಣ ಹೊರೆಯ ಕೆಳ ಅಂಚಿಗೆ ಹೋಗಿ ನಾಟಿತು. ಅವನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಲು, "ಗುರಿ ಪೂರ್ತಿ ಕೆಟ್ಟಿದೆ" ಎಂದ.

ಅಕ್ಕ ತಿರುಗಿ ನೋಡದೆ ಕೈ ಚಾಚಿದಳು. "ಬಾಯ್ಮುಚ್ಕೊಂಡು ಇನ್ನೊಂದು ಕೊಡು."