ಎಂಬತ್ತು ಸಾವಿರದ ಕಿವಿ

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಗೆ ಕಲ್ಲಮ್ಮ ಡೈರೆಕ್ಟರ್. ಓದಿದ್ದು ಮೂರನೆಯ ಕ್ಲಾಸು. ಗಂಡ ಏಕಾಂತಪ್ಪ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಗೇಟಿನೊಳಗಿರುತ್ತಾಳೆ. ಎರಕ ಹೊಯ್ದು ಆರಿದ ಪಂಪಿನ ಬಾಡಿಗಳನ್ನು ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ತಟ್ಟಿ, ದನಿಗೆ ಕಿವಿಗೊಟ್ಟು, ಬಿರುಕಿದ್ದದ್ದನ್ನು ಪಕ್ಕಕ್ಕಿಡಿಸುವುದು ಅವಳ ಕೆಲಸ. ಅವಳು ಪಾಸು ಮಾಡಿದ ಮಾಲು ಒಂದು ಸಲವೂ ವಾಪಸು ಬಂದಿಲ್ಲ.

ಕಳೆದ ವರ್ಷ ಆದಾಯ ತೆರಿಗೆಯವರ ನೋಟಿಸು ಬಂತು. ಕಲ್ಲಮ್ಮನಿಗೂ, ಇನ್ನೊಬ್ಬ ಡೈರೆಕ್ಟರ್ ಆಗಿದ್ದ ಅವಳ ಮೈದುನನ ಮಗ ದುಶ್ಯಂತನಿಗೂ ತಿಂಗಳಿಗೆ ಎಂಬತ್ತೆಂಬತ್ತು ಸಾವಿರ ಸಂಬಳವೇಕೆ ಎಂದು ಪ್ರಶ್ನೆ.

ಶಿವಮೊಗ್ಗದ ಆಡಿಟರ್ ಶಿವಯೋಗಿ ಬಿಡಿಸಿ ಹೇಳಿದರು: "ಮನೆಯೋರಿಗೆ ಕೆಲಸಕ್ಕಿಂತ ಜಾಸ್ತಿ ಸಂಬಳ ಕೊಟ್ರೆ, ಆ ಜಾಸ್ತೀನ ಖರ್ಚು ಅಂತ ಒಪ್ಪಲ್ಲಮ್ಮ. ಲಾಭಕ್ಕೆ ಸೇರಿಸಿ ಕಂಪನಿ ಟ್ಯಾಕ್ಸ್ ಕಟ್ಬೇಕು. ನೀವು ಓದಿಲ್ವಲ್ಲ, ನಿಮ್ದು ಹತ್ತು ಸಾವಿರ ಸಾಕು ಅಂತ ಒಪ್ಕೊಂಡ್ಬಿಡೋಣ."

ಕಾನೂನು ಸರಿಯಾಗಿಯೇ ಇದೆ ಎನಿಸಿತು ಕಲ್ಲಮ್ಮನಿಗೆ. ಆದರೆ ತನ್ನ ದುಡಿಮೆ ಬರೀ ಹೆಸರಿಗೆ ಎಂದು ಸರ್ಕಾರಿ ಕಾಗದದಲ್ಲಿ ಬರೆಸಿಕೊಳ್ಳಲು ಮನಸ್ಸೊಪ್ಪಲಿಲ್ಲ.

"ಬಂದು ನೋಡ್ಲಿ ಅಂತ ಬರೀರಿ."

ಅಧಿಕಾರಿ ರಕ್ಷಾ ಬಂದೇಬಂದರು. ಚಿಕ್ಕ ವಯಸ್ಸು, ಮುಖದಲ್ಲಿ ನಗುವಿಲ್ಲ. "ಅಮ್ಮ, ಇದೇ ಕೆಲಸಕ್ಕೆ ಹೊರಗಿನೋರನ್ನ ಇಟ್ಕೊಂಡ್ರೆ ಎಷ್ಟು ಕೊಡ್ತೀರ?"

"ಇಟ್ಟಿದ್ವಿ ಮೇಡಂ, ನಾನು ಕಾಲು ಮುರ್ಕೊಂಡು ಮಲಗಿದ್ದಾಗ. ಡಿಪ್ಲೊಮಾದೋರು ಇಬ್ರು, ತಲಾ ನಲವತ್ತೈದು ಸಾವಿರ. ಮೂರು ತಿಂಗ್ಳಲ್ಲಿ ಅರ್ಧ ಲಾರಿ ಮಾಲು ವಾಪಸ್ ಬಂತು. ಸಂಬಳದ್ದು, ವಾಪಸ್ ಬಂದಿದ್ದು ಎರಡ್ರ ಚೀಟೀನೂ ಇಟ್ಟಿದೀನಿ."

ರಕ್ಷಾ ಚೀಟಿ ನೋಡಿದರು. ಆಮೇಲೆ ಸಾಲಾಗಿದ್ದ ಹನ್ನೆರಡು ಬಾಡಿಗಳನ್ನು ತೋರಿಸಿ, "ತಟ್ಟಿ ನೋಡೋಣ" ಎಂದರು.

ಏಳನೆಯದರ ಮೇಲೆ ಕಲ್ಲಮ್ಮನ ಕೈ ನಿಂತಿತು. "ಇದ್ರ ದನಿ ಮಂಕು."

ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣ ಬಳಿದು ಕಾದಾಗ ಕೂದಲೆಳೆಯಂಥ ಬಿರುಕಿನ ಗೆರೆಯೊಂದು ಒದ್ದೆಯಾಗಿ ಮೂಡಿತು.

"ದುಶ್ಯಂತ್ ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದರು ರಕ್ಷಾ.

ದುಶ್ಯಂತ ಅಲ್ಲೇ ನಿಂತಿದ್ದ. ದೊಡ್ಡಮ್ಮನ ಕಡೆ ಬೇಡುವಂತೆ ನೋಡಿದ.

"ವರ್ಷಕ್ಕೆರಡು ಸಲ ಬಂದು ಸೈನ್ ಹಾಕ್ತಾನೆ ಮೇಡಂ. ಸೈನ್ ಮಾತ್ರ ಚೆನ್ನಾಗಿದೆ."

ರಕ್ಷಾ ಆಗ ಮೊದಲ ಸಲ ನಕ್ಕರು.

ಎರಡು ತಿಂಗಳಿಗೆ ಆದೇಶ ಬಂತು. ದುಶ್ಯಂತನ ಸಂಬಳದಲ್ಲಿ ಐದು ಸಾವಿರ ಬಿಟ್ಟು ಉಳಿದದ್ದಕ್ಕೆ ತೆರಿಗೆ. ಕಲ್ಲಮ್ಮನದು ಪೂರ್ತಿ ಒಪ್ಪಿಗೆ. 'ಮಾಡುವ ಕೆಲಸಕ್ಕೆ ತಕ್ಕ ಸಂಬಳ' ಎಂಬ ಸಾಲನ್ನು ಅವಳು ಆಡಿಟರಿಂದ ಎರಡು ಸಲ ಓದಿಸಿಕೊಂಡಳು.

"ದೊಡ್ಡಮ್ಮ, ನಿಮ್ಮ ಬಾಯಿಂದ ಕಂಪನಿಗೆ ಟ್ಯಾಕ್ಸ್ ಬಿತ್ತಲ್ಲ!" ಎಂದ ದುಶ್ಯಂತ.

"ನ್ಯಾಯವಾಗೇ ಬಿದ್ದಿದೆ ಮಾರಾಯ, ಕಟ್ಟೋಣ ಬಿಡು."

ಆ ಸಾಲಿದ್ದ ಪುಟದ ಜೆರಾಕ್ಸಿಗೆ ಗಾಜು ಹಾಕಿಸಿ, ಆಫೀಸಿನ ಗೋಡೆಯ ಮೇಲೆ ಫ್ಯಾಕ್ಟರಿ ಲೈಸೆನ್ಸಿನ ಪಕ್ಕದಲ್ಲೇ ತೂಗುಹಾಕಿಸಿದಳು ಕಲ್ಲಮ್ಮ.