ಬಸಕ್ಕನ ಜಗಲಿಯ ಬಿಲ್ಲೆ

ಟಿ. ದಾಸರಹಳ್ಳಿಯ ಆ ವಠಾರದಲ್ಲಿ ಯಂಕಪ್ಪನ ಕೋಣೆಯಿಂದ ಈಗ ಮಾತು ಕೇಳಿಸುವುದಿಲ್ಲ. ಬಸಕ್ಕ ಇದ್ದಾಗ ಬೆಳಗಾದರೆ ಸಾಕು, ಜಗಲಿಯ ಮುಂದೆ ಕೂತು ಮಾತು ಶುರು ಮಾಡುತ್ತಿದ್ದಳು. ಜಗಲಿಯೆಂದರೆ ಬಾಗಲಕೋಟೆ ಕಡೆ ಮನೆದೇವರ ಜಾಗ. ಇಲ್ಲಿ ಗೋಡೆಗೆ ಹೊಡೆದ ಒಂದು ಹಲಗೆ. ಅದರ ಮೇಲೆ ಅರಗಿನ ಮುದ್ದೆಯಲ್ಲಿ ಕೂರಿಸಿದ ಹಳೇ ಬಿಲ್ಲೆ, ಬಸಕ್ಕ ತವರಿನಿಂದ ತಂದದ್ದು. ಅದರ ಮೇಲಿದ್ದ ಮುಖಕ್ಕೆ ಕುಂಕುಮ ಹಚ್ಚಿ, "ನೋಡಬೇ ಅವ್ವ, ಇವತ್ತೂ ನಳಕ್ಕ ನೀರು ಬಂದಿಲ್ಲ. ಇಂವ ನೋಡಿದ್ರ ಬಾಯಿ ಬಿಡಂಗಿಲ್ಲ" ಎಂದು ಗಂಡನ ಮೇಲೆ ದೂರು ಹೇಳುವಳು. ಯಂಕಪ್ಪ ಚಹಾ ಕುಡಿಯುತ್ತ ಕೇಳಿಸಿಕೊಳ್ಳುವನು. ಮಾತಾಡಲು ಅವಳಿಗೆ ಅವ್ವ ಇದ್ದಳು, ಕೇಳಲು ಇವನಿಗೆ ಅವಳಿದ್ದಳು. ಸಂಸಾರ ನಡೆದಿತ್ತು.

ಕಳೆದ ವರ್ಷ ಕಾಮಾಲೆ ಬಂದು ಬಸಕ್ಕ ತೀರಿಕೊಂಡಳು. ಮಕ್ಕಳಿರಲಿಲ್ಲ. ಜಗಲಿ ಯಂಕಪ್ಪನ ಪಾಲಿಗೆ ಬಂತು. ದೀಪ ಹಚ್ಚುವನು, ಕುಂಕುಮ ಇಡುವನು. ಆಮೇಲೆ ಏನು ಹೇಳಬೇಕೋ ತಿಳಿಯದು. ಆ ದೇವಿಯ ಹೆಸರೇ ಅವನಿಗೆ ಗೊತ್ತಿರಲಿಲ್ಲ. ಎಲ್ಲವ್ವನೋ, ಬನಶಂಕರಿಯೋ? ಅವಳ ತವರಿಗೆ ಫೋನು ಮಾಡಿದರೆ, ಬಲ್ಲ ಹಿರಿಯರೆಲ್ಲ ಮಣ್ಣು ಸೇರಿದ್ದರು. ಹೆಸರೊಂದು ಸಿಕ್ಕರೆ ಬಸಕ್ಕ ಬಿಟ್ಟುಹೋದ ಮಾತನ್ನು ತಾನು ಮುಂದುವರಿಸಬಹುದು ಎಂಬ ಆಸೆ ಅವನದು. ಪೀಣ್ಯದ ಹಾರ್ಡ್‌ವೇರ್ ಅಂಗಡಿಯ ಕೃಷ್ಣಪ್ಪನವರಿಗೆ ಹಳೇ ನಾಣ್ಯ ಕೂಡಿಡುವ ಹುಚ್ಚಿದೆ ಎಂದು ಯಾರೋ ಹೇಳಿದರು.

ಯಂಕಪ್ಪ ಪೀಣ್ಯದಲ್ಲೇ ಹಿತ್ತಾಳೆ ನಲ್ಲಿಗಳಿಗೆ ಹೊಳಪು ಕೊಡುವವನು. ಮಾಸಿದ ಸಾಮಾನು ಅವನ ಕೈಯಿಂದ ಹೊರಗೆ ಹೋದದ್ದಿಲ್ಲ. ದೇವಿಯನ್ನು ಜಿಡ್ಡು ಮುಖದಲ್ಲಿ ದೊಡ್ಡವರ ಮುಂದೆ ಒಯ್ಯುವುದುಂಟೇ? ಊಟದ ಬಿಡುವಿನಲ್ಲಿ, ಅರಗಿನ ಸಮೇತ ಹಿಡಿದು, ತಿರುಗುವ ಬಟ್ಟೆಯ ಚಕ್ರಕ್ಕೆ ತಾಕಿಸಿದ. ಕುಂಕುಮ ಹೋಯಿತು, ಎಣ್ಣೆ ಹೋಯಿತು, ಹಸಿರು ಕಿಲುಬು ಹೋಯಿತು. ಇನ್ನಷ್ಟು ಹೊಳೆಯಲಿ ಎಂದು ಒತ್ತಿದ. ತೆಗೆದು ನೋಡಿದರೆ ಬಿಲ್ಲೆ ಬಂಗಾರದ ಹಾಗಿತ್ತು. ಮುಖ ಇರಲಿಲ್ಲ. ಬಸಕ್ಕ ಅವ್ವನ ಜಡೆ ಎನ್ನುತ್ತಿದ್ದ ಎರಡು ಎಳೆ ಮಾತ್ರ ಅಂಚಿನಲ್ಲಿ ಉಳಿದಿದ್ದವು.

"ಯಾರಪ್ಪಾ ಉಜ್ಜಿದ್ದು?" ಅಂಗಡಿಯಲ್ಲಿ ಬಿಲ್ಲೆ ಕೈಗೆ ತೆಗೆದುಕೊಂಡ ಕೃಷ್ಣಪ್ಪ ಕೇಳಿದರು.

"ನಾನ ರೀ. ಹೊಲಸಾಗಿತ್ತು."

"ಅಜ್ಜಿ ಮುಖದಲ್ಲಿ ಸುಕ್ಕಿದೆ ಅಂತ ಇಸ್ತ್ರಿ ಹಾಕ್ತಾರೇನಯ್ಯಾ?"

ಯಂಕಪ್ಪ ತಲೆ ತಗ್ಗಿಸಿದ. ಕೃಷ್ಣಪ್ಪ ಮೆಲ್ಲಗೆ ಅರಗು ಬಿಡಿಸಿ ಬಿಲ್ಲೆಯನ್ನು ಮಗುಚಿದರು. ಹಿಂದೆ ಇನ್ನೊಂದು ಮುಖ ಇತ್ತು: ಹೆಂಗಸು, ತಲೆಯ ಮೇಲೆ ಕಿರೀಟದಂತೆ ಕೋಟೆಗೋಡೆ. ಸುತ್ತ ಯಾವುದೋ ಲಿಪಿ. ಕೃಷ್ಣಪ್ಪ ಮಸೂರ ಹಿಡಿದು ನೋಡಿದರು, ತೂಕ ಮಾಡಿದರು, ಫೋಟೋ ಹೊಡೆದುಕೊಂಡರು.

"ನಮ್ಮ ದೇಶದ್ದಲ್ಲ ಅನ್ಸುತ್ತೆ. ತಿಳಿದೋರಿಗೆ ಕಳಿಸ್ತೀನಿ. ಮುಂದಿನ ಭಾನುವಾರ ಬಾ."

ಭಾನುವಾರ ಹೋದಾಗ ಅವರು ಫೋನಿನಲ್ಲಿ ಬೇರೆ ನಾಣ್ಯಗಳ ಚಿತ್ರ ತೋರಿಸಿದರು. ಅದೇ ಕೋಟೆ, ಅದೇ ಅಕ್ಷರ.

"ರೋಮ್ ರಾಜರ ಕಾಲದ್ದು ಕಣಪ್ಪ. ಆದ್ರೆ ರೋಮಲ್ಲಿ ಮಾಡಿದ್ದಲ್ಲ. ಅವರ ಕೈಕೆಳಗಿದ್ದ ಲಾವೊಡಿಕಿಯ ಅನ್ನೋ ಊರಿಂದು, ಈಗಿನ ಸಿರಿಯಾದಲ್ಲಿ, ಸಮುದ್ರದ ದಂಡೆ. ಅಕ್ಷರ ಗ್ರೀಕು. ಇವಳು ಆ ಊರು ಕಾಯೋ ದೇವಿ, ನಮ್ಮೂರಿಗೆ ಅಣ್ಣಮ್ಮ ಇದ್ದಂಗೆ. ಇಂಥ ಕಾಸು ಅವರೂರ ಸುತ್ತಮುತ್ತಲೇ ನಡೀತಿದ್ದಿದ್ದು."

"ನಮ್ಮ ಕಡೆ ಹೆಂಗ ಬಂತ್ರಿ?"

"ಅದನ್ನ ಯಾರೂ ಹೇಳಕ್ಕಾಗಲ್ಲ."

ಯಂಕಪ್ಪ ಹೊಳೆಯುವ ಕಡೆ ಬೆರಳಿಟ್ಟ. "ಮತ್ತ ಈ ಅವ್ವ?"

ಕೃಷ್ಣಪ್ಪ ಹೇಳಿದರು. "ಅದು ಅವ್ವ ಅಲ್ಲಪ್ಪ. ರಾಜ, ಗಂಡಸು. ಇದು ಜಡೆ ಅಲ್ಲ, ತಲೆಗೆ ಸುತ್ತಿದ ಎಲೆಮಾಲೆಯ ದಾರ. ಯಾವ ರಾಜ ಅಂತ ಇನ್ ಗೊತ್ತಾಗಲ್ಲ, ಉಜ್ಜಿಬಿಟ್ಟಿದ್ದೀಯ."

ಯಂಕಪ್ಪ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವನಿಗೆ ನಗು ಬಂತು. "ನಮ್ಮಾಕಿ ಇಷ್ಟು ವರ್ಷ ಯಾವನೋ ಗಂಡಸಿನ ಮುಂದ ನನ್ನ ಚಾಡಿ ಹೇಳ್ಯಾಳ್ರಿ."

ಕೃಷ್ಣಪ್ಪನವರೂ ನಕ್ಕರು. "ಹೋಗ್ಲಿ ಬಿಡು. ದೇವಿ ಹಿಂದ್ಗಡೆ ಇದಾಳಲ್ಲ, ತಿರುಗಿಸಿ ಇಟ್ಕೊ."

ಮನೆಗೆ ನಡೆಯುವ ದಾರಿಯುದ್ದಕ್ಕೂ ಯಂಕಪ್ಪನಿಗೆ ಇದನ್ನು ಬಸಕ್ಕನಿಗೆ ಹೇಳುವ ಆತುರ. ಅವಳು ಸೆರಗು ಬಾಯಿಗೆ ಹಿಡಿದು ಹೇಗೆ ನಗುತ್ತಾಳೆಂದು ಕಣ್ಣಿಗೆ ಕಟ್ಟಿತು. ಬೀಗದ ಕೈ ತೆಗೆಯುವಾಗ ನೆನಪಾಯಿತು.

ಕೃಷ್ಣಪ್ಪ ಹೇಳಿದಂತೆ ಕೋಟೆಯ ದೇವಿಯನ್ನು ಮೇಲೆ ಮಾಡಿ ಇಟ್ಟ. ಚಂದದ ಮುಖ. ಆದರೆ ಬಸಕ್ಕ ಅದನ್ನು ಒಮ್ಮೆಯೂ ನೋಡಿರಲಿಲ್ಲ, ಆ ದೇವಿಗೆ ಬಸಕ್ಕನ ಗುರುತಿರಲಿಲ್ಲ. ಯಂಕಪ್ಪ ಬಿಲ್ಲೆಯನ್ನು ಮತ್ತೆ ಮಗುಚಿದ. ಎರಡು ಎಳೆ ಎಲ್ಲಿವೆ ನೋಡಿ, ಹಣೆ ಇಲ್ಲಿರಬೇಕು ಎಂದು ಅಂದಾಜಿನ ಮೇಲೆ ಕುಂಕುಮ ಇಟ್ಟ. ಚಹಾ ಮಾಡಿಕೊಂಡು ಬಂದು ಎದುರಿಗೆ ಕೂತ.

"ಕೇಳಿದೇನ ಬಸಕ್ಕ," ಎಂದ. "ನಿಮ್ಮವ್ವ ಗಂಡಸಂತ. ಊರು ಭಾಳ ದೂರಂತ."

ಅವತ್ತೂ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಅದನ್ನೂ ಹೇಳಿದ.